ಎರಡು ಕಾಗದ, ಒಂದೇ ಹೆಸರು

ನಮ್ಮ ಟೈಪಿಂಗ್ ಮೇಷ್ಟ್ರ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಅದರ ಕೆಲಸವನ್ನೂ ಉಂಗುರದ ಬೆರಳಿನಿಂದಲೇ ಮಾಡಿ ಮಾಡಿ ಆ ಬೆರಳಿನ ತುದಿ ಚಪ್ಪಟೆಯಾಗಿತ್ತು. ಕಂಪ್ಯೂಟರ್ ಬಂದ ಮೇಲೂ ಕೀಲಿಗಳನ್ನು ಟೈಪ್‌ರೈಟರಿನಂತೆಯೇ ಕುಟ್ಟುತ್ತಿದ್ದರು. "ಸಾರ್, ಇದನ್ನ ಮುಟ್ಟಿದ್ರೆ ಸಾಕಂತೆ" ಅಂದರೆ, "ನಂಗೊತ್ತೈತೆ ಕಣಮ್ಮ, ಬೆರಳಿಗೆ ಗೊತ್ತಾಗಬೇಕಲ್ಲ" ಅನ್ನುತ್ತಿದ್ದರು.

ಹೊನ್ನಾಳಿಯ ತಾಲ್ಲೂಕು ಕಚೇರಿಯ ಹತ್ತಿರ ಅವರ ಇನ್‌ಸ್ಟಿಟ್ಯೂಟ್. ನಾನು ಅಲ್ಲಿ ಟೈಪಿಸ್ಟ್. ನ್ಯಾಮತಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಅರ್ಜಿ, ಅಫಿಡವಿಟ್ಟು ಅಂತ ಜನ ಬರುತ್ತಲೇ ಇರುತ್ತಿದ್ದರು. ಟೈಪ್‌ರೈಟರಿನ ಕಾಲದಲ್ಲಿ ಒಬ್ಬರ ಹಾಳೆ ಇಳಿಯದೆ ಇನ್ನೊಬ್ಬರದು ಏರುತ್ತಿರಲಿಲ್ಲ, ಎಂಥ ದೊಡ್ಡ ಮನುಷ್ಯ ಬಂದರೂ ಬೆಂಚಿನ ಮೇಲೆ ಕಾಯಬೇಕು. ಎಂಬತ್ತರ ದಶಕ ಮುಗಿಯುತ್ತಿದ್ದಾಗ ಮೇಷ್ಟ್ರು ಕಂಪ್ಯೂಟರ್ ತಂದರು. ಅದಕ್ಕೆ ವಿಭೂತಿ ಹಚ್ಚಿ, ಹೆಂಡತಿಯ ಹಳೇ ಸೀರೆಯ ತುಂಡು ಹೊದಿಸಿದರು. ದಪ್ಪ ಇಂಗ್ಲಿಷ್ ಪುಸ್ತಕ ಓದಿ, ಸತ್ತವರ ವಾರಸುದಾರರು ಇಂಗ್ಲಿಷಿನಲ್ಲಿ ಕೊಡಬೇಕಿದ್ದ ಅಫಿಡವಿಟ್ಟಿಗೆಂದು ತಾವೇ ಒಂದು ಪ್ರೋಗ್ರಾಮ್ ಬರೆದರು. ತೀರಿಕೊಂಡವರ ಹೆಸರನ್ನು ಒಮ್ಮೆ ಕೊಟ್ಟರೆ ಸಾಕು, ಅಚ್ಚಾಗುವಾಗ ಅಫಿಡವಿಟ್ಟಿನ ನಾಲ್ಕೂ ಕಡೆ ತಾನೇ ತುಂಬಿಕೊಳ್ಳುತ್ತಿತ್ತು. ಎರಡು ಕಾಗದಗಳನ್ನು ಒಟ್ಟಿಗೆ ತೆರೆದಿಡಲೂ ಬರುತ್ತಿತ್ತು. "ಇನ್ಮೇಲೆ ಯಾರೂ ಕಾಯಂಗಿಲ್ಲ ನೋಡ್ರಿ" ಎಂದು ಬಂದವರಿಗೆಲ್ಲ ಹೇಳಿಕೊಂಡರು.

ಒಂದು ಮಧ್ಯಾಹ್ನ ಬಿಳಿಚೋಡಿನ ಹೆಣ್ಣುಮಗಳೊಬ್ಬಳು ಬಂದಳು. ಹೊನ್ನಾಳಿಯಲ್ಲಿ ಜವಾನನಾಗಿದ್ದ ಗಂಡ ತೀರಿಕೊಂಡಿದ್ದ. ಅವನ ಬದಲು ತನಗೆ ಕೆಲಸ ಕೊಡಿ ಎಂಬ ಅರ್ಜಿಗೆ ಮರುದಿನವೇ ಕಡೆಯ ದಿನ. ಅದರ ಜೊತೆಗಿಡುವ ಅಫಿಡವಿಟ್ಟಿನಲ್ಲಿ ಗಂಡನ ಹೆಸರು ಹೊಡೆದು, ಪರದೆಯ ಮೇಲೆ ಓದಿ ನೋಡಿದೆ, ಸರಿಯಾಗಿತ್ತು. ಅಷ್ಟರಲ್ಲಿ ಕತ್ತಲಗೆರೆಯವನೊಬ್ಬ ಬಸ್ಸು ತಪ್ಪುತ್ತದೆಂದು ಗಡಿಬಿಡಿ ಮಾಡಿದ. ಅವಳ ಕಾಗದವನ್ನು ತೆರೆದೇ ಇಟ್ಟು, ಇನ್ನೊಂದರಲ್ಲಿ ಅವನ ಸತ್ತ ತಂದೆಯ ಹೆಸರು ಹೊಡೆದು, ಅಚ್ಚು ಹಾಕಿ ಕಳಿಸಿದೆ. ಆಮೇಲೆ ಅವಳದನ್ನು ಅಚ್ಚು ಹಾಕಿದೆ. ಮತ್ತೊಮ್ಮೆ ಓದಲಿಲ್ಲ. ಇಂಗ್ಲಿಷ್ ಬಾರದ ಅವಳು ತೋರಿಸಿದ ಕಡೆ ರುಜು ಹಾಕಿ ಹೋದಳು.

ವಾರದ ಮೇಲೆ ಆ ಕಾಗದ ಹಿಡಿದುಕೊಂಡೇ ಬಂದಳು. ಗಂಡನ ಹೆಸರಿರಬೇಕಾದ ನಾಲ್ಕೂ ಕಡೆ ಕತ್ತಲಗೆರೆಯ ಮುದುಕನ ಹೆಸರಿತ್ತು. ಅರ್ಜಿ ತಿರಸ್ಕಾರವಾಗಿತ್ತು. "ನನ್ನ ಯಾರ್ದೋ ಹೆಂಡ್ತಿ ಮಾಡಿಬಿಟ್ರಲ್ರೀ" ಅಂದಳು. ಅವಳು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ಮೇಷ್ಟ್ರು ಎಲ್ಲರೆದುರು ನನ್ನ ಮೇಲೆ ಹರಿಹಾಯ್ದರು. "ಮಿಷನ್ ತಪ್ಪು ಮಾಡಾಕಿಲ್ಲಮ್ಮ. ಕಣ್ಣು ಎಲ್ಲಿಟ್ಟಿದ್ದೆ? ನಾಳೆಯಿಂದ ಬರಬ್ಯಾಡ." ನಾನು ಸರಿಯಾಗಿಯೇ ಹೊಡೆದಿದ್ದೆ ಎಂದರೂ ಕೇಳಲಿಲ್ಲ. ನ್ಯಾಮತಿ ಮುಟ್ಟುವವರೆಗೂ ಬಸ್ಸಿನಲ್ಲಿ ಅತ್ತೆ. ಆ ಮನುಷ್ಯನ ಮುಖ ಇನ್ನು ನೋಡಬಾರದು ಅನ್ನುವಷ್ಟು ಸಿಟ್ಟು ಬಂದಿತ್ತು.

ಮೂರನೆಯ ದಿನ ಅವರೇ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಕುರ್ಚಿ ಹಾಕಿದರೂ ಕೂರಲಿಲ್ಲ.

"ತಪ್ಪು ನಂದು ಕಣಮ್ಮ. ನೀನು ಅವತ್ತು ಮಾಡಿದಂಗೇ ಮಾಡಿ ನೋಡಿದೆ. ಎಲ್ಲಾ ಕಾಗದಕ್ಕೂ ಸೇರಿ ಹೆಸರು ಇಡಾಕೆ ಒಂದೇ ಖಾನೆ ಮಾಡಿದ್ದೆ. ಕೊನೆಗೆ ಯಾರ ಹೆಸರು ಹೊಡೀತೀವೋ ಅದೇ ಎಲ್ಲದಕ್ಕೂ ಬರ್ತಿತ್ತು. ಈಗ ಕಾಗದಕ್ಕೊಂದು ಖಾನೆ ಮಾಡೀನಿ. ಎಲ್ಲರೆದುರಿಗೆ ಬೈದೆ, ಎಲ್ಲರೆದುರಿಗೇ ಹೇಳ್ತೀನಿ. ಬಾ."

ಹಾಗೆಯೇ ಹೇಳಿದರು. ಬೆಂಚಿನ ಮೇಲೆ ಕೂತವರಿಗೆ ತಲೆಬುಡ ತಿಳಿಯದಿದ್ದರೂ ಕೈಮುಗಿದು ಹೇಳಿದರು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ನನಗೆ ಅಳು ಬಂದದ್ದು ಯಾಕೆಂದು ಇಂದಿಗೂ ಸರಿಯಾಗಿ ಹೇಳಲಾರೆ.

ಆ ಹೆಣ್ಣುಮಗಳನ್ನು ಕರೆದುಕೊಂಡು, ಆಗ ನಮ್ಮ ಜಿಲ್ಲಾ ಕಚೇರಿಯಿದ್ದ ಶಿವಮೊಗ್ಗಕ್ಕೆ ನಾಲ್ಕು ಸಲ ಹೋದರು. ತಪ್ಪು ತಮ್ಮದೇ ಎಂದು ಬರೆದೂ ಕೊಟ್ಟರು. ಗಡುವು ಮುಗಿದಿತ್ತು, ಕೆಲಸ ಸಿಗಲಿಲ್ಲ. ಅವಳನ್ನು ಊರಿನ ಬಸ್ಸು ಹತ್ತಿಸಿ ಬಂದ ದಿನ ಕಂಪ್ಯೂಟರಿನ ಮುಂದೆ ಕೂತರು. "ಇದನ್ನ ರಿಪೇರಿ ಮಾಡಾಕೆ ಎರಡು ದಿನ ಸಾಕಾತು. ಅದನ್ನ ಹೆಂಗೆ ಮಾಡಲಿ?" ಅಂದರು. ಅಂದಿನಿಂದ ಅಚ್ಚಾದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳದೆ ಯಾರ ಕೈಗೂ ಕೊಡಲಿಲ್ಲ. ನಗುವುದೂ ಕಡಿಮೆಯಾಯಿತು.

ಮರುವರ್ಷ ಎದೆನೋವು ಬಂದು ತೀರಿಕೊಂಡರು. ತಿಂಗಳ ಮೇಲೆ ಅವರ ಹೆಂಡತಿ ಬಂದು, "ಅವರ ಕಾಗದ ನೀನೇ ಮಾಡಿಕೊಡವ್ವ" ಅಂದರು. ಸೀರೆಯ ತುಂಡು ಸರಿಸಿ ಮೇಷ್ಟ್ರ ಹೆಸರು ಹೊಡೆದೆ. ಯಾಕೋ ಧೈರ್ಯ ಸಾಲದೆ, ಪರೀಕ್ಷೆಗೆಂದು ಇನ್ನೊಂದು ಕಾಗದ ತೆರೆದೆ. ತೀರಿಕೊಂಡವರ ಜಾಗದಲ್ಲಿ ಬೇರೆ ಯಾರ ಹೆಸರು ಹಾಕಲೂ ಮನಸ್ಸು ಬರಲಿಲ್ಲ, ನನ್ನದೇ ಹಾಕಿದೆ. ಮತ್ತೆ ಅವರ ಕಾಗದಕ್ಕೆ ಬಂದು ಅಚ್ಚು ಹಾಕಿದೆ.

ನಾಲ್ಕೂ ಕಡೆ ಅವರ ಹೆಸರೇ ಇತ್ತು. ಒಂದು ಕಡೆಯಾದರೂ ತಪ್ಪಿರಬಾರದಿತ್ತೇ ಎಂದುಕೊಳ್ಳುತ್ತಾ, ಅವರ ಹೆಂಡತಿಗೆ ಕನ್ನಡದಲ್ಲಿ ಓದಿ ಹೇಳಿದೆ.