ಸರಳಬಡ್ಡಿಗೆ ಅವಳು ಬರೆದ ಉತ್ತರ

ಅಥವಾ ಆ ಉತ್ತರ ಬೋರ್ಡಿನ ಮೇಲಲ್ಲ, ಪರೀಕ್ಷೆಯ ಹಾಳೆಯಲ್ಲಿ ಬರೆದದ್ದೇ ಇರಬೇಕು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ ನಕ್ಕದ್ದು ನೆನಪಿದೆ. ಬೋರ್ಡಿನ ಮೇಲಿದ್ದರೆ ಓದುವ ಅಗತ್ಯವೇನಿತ್ತು? ಈ ತರ್ಕವನ್ನೂ ನಂಬುವಂತಿಲ್ಲ. ಎಲ್ಲರಿಗೂ ಕಾಣುವುದನ್ನೇ ಮತ್ತೆ ಓದಿ ಹೇಳುವುದು ಆ ಮನುಷ್ಯನ ಕಸುಬಾಗಿತ್ತು.

ಪಾಲಿಬೆಟ್ಟದ ಹತ್ತಿರದ ಹೈಸ್ಕೂಲು, ಒಂಬತ್ತನೇ ತರಗತಿ. ಅಸಲನ್ನು ಅವಧಿಯಿಂದ ಗುಣಿಸಿ, ದರದಿಂದ ಗುಣಿಸಿ, ನೂರರಿಂದ ಭಾಗಿಸಬೇಕು. ಇಷ್ಟನ್ನು ಹೇಳಿಕೊಡಲು ಮೇಷ್ಟ್ರಿಗೆ ಒಂದು ತಿಂಗಳು ಬೇಕಾಯಿತು. ಆ ಲೆಕ್ಕಗಳಲ್ಲಿ ಬರುವ ಜನರಷ್ಟು ಪೆದ್ದರನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಯಾಕೆ ಸಾಲ ಮಾಡಿದೆವೆಂದು ಅವರಿಗೇ ಗೊತ್ತಿಲ್ಲ. ಸಾಲವಿರುವಷ್ಟು ಕಾಲ ಅವರಿಗೆ ಜ್ವರ ಬರುವುದಿಲ್ಲ, ಮನೆಯಲ್ಲಿ ಮದುವೆಯಾಗುವುದಿಲ್ಲ, ಯಾರೂ ಸಾಯುವುದಿಲ್ಲ. ಅವಧಿ ಮುಗಿದ ಬೆಳಿಗ್ಗೆ ತಲೆ ಬಾಚಿಕೊಂಡು ಹೋಗಿ ಪೂರ್ತಿ ಕೊಟ್ಟು ಬರುತ್ತಾರೆ.

ಕಾಫಿ ಎಸ್ಟೇಟಿನ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ನಮ್ಮ ತರಗತಿಯಲ್ಲಿದ್ದಳು. ಗಣಿತದಲ್ಲಿ ಅವಳು ಪಾಸಾಗಲೇಬೇಕಿತ್ತು. ಹತ್ತನೇ ತರಗತಿಯ ಫಲಿತಾಂಶ ನೂರಕ್ಕೆ ನೂರು ಎಂದು ಗೇಟಿಗೆ ಬ್ಯಾನರ್ ಕಟ್ಟುವ ಆಸೆಗೆ ನಮ್ಮ ಶಾಲೆ ದಡ್ಡರೆನಿಸಿದವರನ್ನು ಒಂಬತ್ತರಲ್ಲೇ ಉದುರಿಸುತ್ತಿತ್ತು. ಉದುರಿದರೆ ಅಮ್ಮನ ಜೊತೆ ತೋಟದ ಕೆಲಸಕ್ಕೆ ಎಂದು ಅವಳ ಮನೆಯಲ್ಲಿ ತೀರ್ಮಾನವಾಗಿತ್ತು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಕೇಳಿದ್ದು: ಕೂಲಿಕಾರನೊಬ್ಬ ತನ್ನ ಮಾಲೀಕನಿಂದ ಐದು ಸಾವಿರ ರೂಪಾಯಿಯನ್ನು ಶೇಕಡಾ ಹತ್ತರ ದರದಲ್ಲಿ ಎರಡು ವರ್ಷಕ್ಕೆ ಸಾಲ ಪಡೆದರೆ ಬಡ್ಡಿ ಎಷ್ಟು? ಅವಳು ಬರೆದದ್ದು: ಬಡ್ಡಿ ಇಲ್ಲ. ತೀರಿಸುವ ತನಕ ಅವನು ಲೈನ್ ಬಿಟ್ಟು ಹೋಗುವ ಹಾಗಿಲ್ಲ.

ಹಾಳೆ ತೋರಿಸುವ ದಿನ ಮೇಷ್ಟ್ರು ಇದನ್ನು ಓದಿ, "ಏನಮ್ಮಾ ಇದು, ಲೆಕ್ಕವೋ ಪ್ರಬಂಧವೋ?" ಎಂದ.

"ತೋಟದಲ್ಲಿ ಕೊಡೋ ಅಡ್ವಾನ್ಸಿಗೆ ಬಡ್ಡಿ ಹಾಕುದಿಲ್ಲ ಸಾರ್."

"ದರ ಹತ್ತು ಅಂತ ಕೊಟ್ಟಿದೆಯಲ್ಲ, ಕಣ್ಣಿಲ್ವಾ?"

"ಅದು ಇದೆ ಸಾರ್. ಆದ್ರೆ ಮಾಲೀಕರ ದುಡ್ಡು ಅಂತಲೂ ಇದೆ ಅಲ್ವಾ?"

ಹಿಂದಿನ ಬೆಂಚಿನಿಂದ ಪ್ಲಾಂಟರ್ ಮಗನೊಬ್ಬ ಕೂಗಿದ: "ಸಾರ್, ಅವಳಿಗೆ ನಮ್ಮ ರೈಟರ್ ಹತ್ರ ಟ್ಯೂಷನ್ ಹಾಕ್ಸಿ!" ರೈಟರ್ ಎಂದರೆ ತೋಟದಲ್ಲಿ ಹಾಜರಿ, ಕೂಲಿ ಬರೆದಿಡುವವನು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವಳ ಮನೆಯಿದ್ದದ್ದು ಆ ಹುಡುಗನ ಅಪ್ಪನ ಲೈನಿನಲ್ಲೇ. ಅವಳ ಉತ್ತರ ಎಲ್ಲಿಂದ ಬಂತೆಂದು ಕ್ಲಾಸಿನಲ್ಲಿ ಚೆನ್ನಾಗಿ ತಿಳಿದಿದ್ದವನು ಅವನೊಬ್ಬನೇ. ನಕ್ಕದ್ದೂ ಅವನೇ ಜೋರಾಗಿ.

"ಮಾಲೀಕ ಯಾರಾದರೇನು, ಸೂತ್ರ ಒಂದೇ" ಎಂದು ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿದ. ಈ ಮಾತನ್ನು ಅವನು ಆಡಿರಲಿಕ್ಕಿಲ್ಲ. ಅಷ್ಟು ಚೊಕ್ಕ ಮಾತಾಡುವ ಬುದ್ಧಿ ಅವನಿಗೆಲ್ಲಿತ್ತು? ನಾನೇ ಅವನ ಬಾಯಿಗೆ ತುರುಕಿರಬೇಕು. ಸೊನ್ನೆ ಮಾತ್ರ ಅವನದೇ.

ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಆ ಪ್ಲಾಂಟರ್ ಮಗ ಇದನ್ನು ಈಗಲೂ ಜೋಕಿನಂತೆ ಹಾಕುತ್ತಾನೆ. ಉಳಿದವರು ಸಾಲಾಗಿ ನಗುವ ಮುಖಗಳನ್ನು ಒತ್ತುತ್ತಾರೆ. ಅವನ ಪ್ರಕಾರ ಅವಳು ಅತ್ತಳು. ನನ್ನ ಪ್ರಕಾರ ಅಳಲಿಲ್ಲ, ಹಾಳೆ ಈಸಿಕೊಂಡು ಉಳಿದ ಅಂಕಗಳನ್ನು ಮತ್ತೆ ಕೂಡಿ ನೋಡುತ್ತಿದ್ದಳು. ಇಬ್ಬರಲ್ಲಿ ಯಾರನ್ನೂ ನಂಬಬೇಕಿಲ್ಲ.

ಹತ್ತನೇ ತರಗತಿ ಶುರುವಾದಾಗ ಅವಳು ಬರಲಿಲ್ಲ. ಆ ಒಂದು ಲೆಕ್ಕದಿಂದಲೇ ಫೇಲಾದಳೋ, ಪಾಸಾಗಿಯೂ ಮನೆಯವರು ಕಳಿಸಲಿಲ್ಲವೋ, ಬೇರೆ ತೋಟಕ್ಕೆ ಹೋಗಿ ಅಲ್ಲಿನ ಶಾಲೆಗೆ ಸೇರಿದಳೋ, ನನಗೆ ಗೊತ್ತಿಲ್ಲ.