ಹತ್ತು ಗಂಟೆಯ ದಿಕ್ಕಿನ ಹಕ್ಕಿ

ಪಕ್ಕದ ಮನೆಯ ಕಾಕಾ ಅವರ ಬಲಗೈ ತೋರುಬೆರಳು ನಡುಗೆಣ್ಣಿನಿಂದ ಮುಂದಕ್ಕೆ ಸೊಟ್ಟಗಾಗಿತ್ತು. ವಿಮಾನದ ಎಂಜಿನು ರಿಪೇರಿ ಮಾಡುವ ಕೆಲಸದಲ್ಲಿದ್ದಾಗ ಯಾವುದೋ ಭಾರದ ಮುಚ್ಚಳ ಅದರ ಮೇಲೆ ಬಿದ್ದಿತ್ತಂತೆ. ಆ ಬೆರಳಿನಿಂದ ಅವರು ದಾಸವಾಳದ ಗಿಡ ತೋರಿಸಿದರೆ ನೋಡುವವರ ಕಣ್ಣು ಆಚೆ ಮನೆಯ ನೀರಿನ ಟಾಕಿಗೆ ಹೋಗುತ್ತಿತ್ತು. ಹಾಗಾಗಿ ಅವರು ಬೆರಳು ತೋರುವುದನ್ನೇ ಬಿಟ್ಟು ಗಡಿಯಾರದ ಲೆಕ್ಕ ಹಿಡಿದಿದ್ದರು. ನೇರ ಎದುರಿಗಿದ್ದರೆ ಹನ್ನೆರಡು ಗಂಟೆ, ಬಲಕ್ಕೆ ಮೂರು, ಎಡಕ್ಕೆ ಒಂಬತ್ತು. "ಹತ್ತು ಗಂಟೆಗೆ, ಕೆಳಗಿನ ಟೊಂಗಿ" ಎಂದು ಅವರು ಪಿಸುಗುಟ್ಟಿದರೆ ಅಲ್ಲೊಂದು ಹಕ್ಕಿ ಇದೆ ಎಂದೇ ಅರ್ಥ.

ಬಾಗಲಕೋಟೆ ಕಡೆಯವರು. ನೌಕರಿ ಮುಗಿದ ಮೇಲೆ ಊರಿಗೆ ಹೋಗದೆ ನಾಗಪುರದಲ್ಲೇ ಉಳಿದಿದ್ದರು. ನನ್ನ ಅಪ್ಪನಿಗೆ ಬ್ಯಾಂಕಿನಿಂದ ಅಲ್ಲಿಗೆ ವರ್ಗವಾಗಿ, ನಾವು ಅವರ ಗೋಡೆಗೆ ಗೋಡೆ ತಾಗಿದ ಮನೆಗೆ ಬಾಡಿಗೆಗೆ ಬಂದೆವು. ಅವರ ಹಿತ್ತಲಿನಲ್ಲಿ ದಾಸವಾಳ, ಕರಿಬೇವು, ಒಂದು ಪೇರಲ ಮತ್ತು ನಾಗಪುರದ ಮಾನ ತೆಗೆಯಲೆಂದೇ ಹುಟ್ಟಿದ ಒಂದು ಹುಳಿ ಕಿತ್ತಳೆ ಗಿಡ ಇದ್ದವು. ಮೇ ತಿಂಗಳಲ್ಲಿ ಊರಿಗೆ ಊರೇ ಕೂಲರ್ ಮುಂದೆ ಬಿದ್ದುಕೊಂಡಿರುವಾಗ ಕಾಕಾ ತಲೆಗೆ ಒದ್ದೆ ಪಂಚೆ ಸುತ್ತಿಕೊಂಡು ಮಣ್ಣಿನ ಬೋಗುಣಿಗೆ ನೀರು ತುಂಬುತ್ತಿದ್ದರು. ಗಿಳಿ, ಕೋಗಿಲೆಗಳನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ದೊಡ್ಡ ಹಕ್ಕಿಗಳು ಕುರುಡರಿಗೂ ಕಾಣುತ್ತವೆ ಎನ್ನುವುದು ಅವರ ಮಾತು. ಹೆಬ್ಬೆರಳಿನಷ್ಟಿರುವ ಸೂರಕ್ಕಿ, ಎಲೆ ಹೊಲಿದು ಗೂಡು ಮಾಡುವ ಸಿಂಪಿಗ ಹಕ್ಕಿ, ಇಂಥವು ಬಂದರೆ ಮಾತ್ರ ಅವರ ಉಸಿರು ನಿಲ್ಲುತ್ತಿತ್ತು. ಸೂರಕ್ಕಿಗಳು ಬಂದು ಜೇನು ಕುಡಿದು ಹೋಗುವ ತನಕ ಅವರ ಹೆಂಡತಿ ಕಾಕು ಪೂಜೆಗೆ ದಾಸವಾಳ ಹರಿಯುವಂತಿರಲಿಲ್ಲ. ಆ ಮನೆಯಲ್ಲಿ ದೇವರದು ಎರಡನೆಯ ಪಾಳಿ.

ಕಾಕುಗೆ ಗಂಡನ ಮೇಲೆ ಇನ್ನೊಂದು ದೂರಿತ್ತು. ಪಕ್ಕದಲ್ಲೇ ಕುಕ್ಕರ್ ಸೀಟಿ ಹೊಡೆದು ಹೊಡೆದು ಬೇಳೆ ಸೀದರೂ ಈ ಮನುಷ್ಯ ಎದ್ದು ಗ್ಯಾಸ್ ಆರಿಸುವುದಿಲ್ಲ, ಎಲ್ಲ ಹಕ್ಕಿಯ ಧ್ಯಾನ, ಎಂದು ನಮ್ಮ ಅವ್ವನ ಮುಂದೆ ಹೇಳಿಕೊಳ್ಳುತ್ತಿದ್ದರು.

ಶಾಲೆ ಬಿಟ್ಟವಳೇ ನಾನು ಆ ಹಿತ್ತಲಿಗೆ ಓಡುತ್ತಿದ್ದೆ. ಶಾಲೆಯಲ್ಲಿ ನನಗೆ ದಡ್ಡಿ ಎಂದು ಹೆಸರು ಬಿದ್ದಿತ್ತು. ಕರಿಹಲಗೆಗೆ ಅಲ್ಲಿ ಫಳಾ ಎನ್ನುತ್ತಿದ್ದರು; ಅದರ ಮೇಲೆ ಬರೆದ ಲೆಕ್ಕವನ್ನು ತಪ್ಪಾಗಿ ಇಳಿಸಿಕೊಂಡು ಬರುತ್ತಿದ್ದೆ. ಆ ವರ್ಷ ಅದೇ ತರಗತಿಯಲ್ಲಿ ಕೂರಿಸುವ ಮಾತು ಬಂದು, ಮನೆಯಲ್ಲಿ ಅಪ್ಪ ನನ್ನ ಜತೆ ಮಾತು ಕಡಿಮೆ ಮಾಡಿದ್ದರು. ಕಾಕಾ ಅವರ ಹಿತ್ತಲಿನಲ್ಲಿ ಮಾತ್ರ ನಾನು ಜಾಣೆ. "ಕಾಕಾ, ಎರಡು ಗಂಟೆಗೆ ಸಿಂಪಿಗ" ಎಂದು ನಾನೇ ಮೊದಲು ಹೇಳುತ್ತಿದ್ದೆ. ಅವರು ಅತ್ತ ನೋಡಿದರೆ ಹಕ್ಕಿ ಅಲ್ಲಿರುತ್ತಿತ್ತು. ಹುಡುಗಿಯ ಕಣ್ಣು ಬಲು ಚುರುಕು ಎಂದು ಕಾಕು ದೃಷ್ಟಿ ತೆಗೆದದ್ದೂ ಉಂಟು.

ನಿಜ ಹೇಳಬೇಕೆಂದರೆ ಒಂದು ಹಕ್ಕಿಯೂ ನನಗೆ ಕಂಡಿರಲಿಲ್ಲ. ಗಿಡವೆಂದರೆ ನನಗೆ ಒಂದು ಹಸಿರು ರಾಶಿ ಅಷ್ಟೇ. ದನಿ ಬಂದ ದಿಕ್ಕನ್ನು ಗಡಿಯಾರಕ್ಕೆ ಹೊಂದಿಸಿ ಹೇಳುತ್ತಿದ್ದೆ. ಎಲ್ಲರಿಗೂ ಹೀಗೇ ಕಾಣುತ್ತದೆ ಎಂದು ಮೊದಲು ತಿಳಿದಿದ್ದೆ. ಹಾಗಲ್ಲ ಎಂದು ಅನುಮಾನ ಬಂದ ಮೇಲೆ ಬಾಯಿ ಬಿಡಲು ಹೆದರಿಕೆಯಾಯಿತು. ಕನ್ನಡಕದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅಜ್ಜಿ ನನ್ನ ಅತ್ತೆಯ ವಿಷಯದಲ್ಲಿ ಅಂದದ್ದು ಕಿವಿಯಲ್ಲಿತ್ತು.

ಒಂದು ಸಂಜೆ ಕಾಕಾ ಮೆಲ್ಲಗೆ, "ಹತ್ತು ಗಂಟೆಗೆ, ದಾಸವಾಳದ ಮ್ಯಾಲೆ ಸೂರಕ್ಕಿ. ಕಂಡ್ತೇನ?" ಎಂದರು.

ಕಂಡಿತು ಎಂದೆ.

"ಏನ್ ಮಾಡಾಕತ್ತೇತಿ?"

ಜೇನು ಕುಡಿಯುತ್ತಿದೆ ಎಂದೆ. ಸೂರಕ್ಕಿ ಇನ್ನೇನು ಮಾಡೀತು?

ಕಾಕಾ ಗಿಡದಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. "ಅಲ್ಲೇನೂ ಇಲ್ಲ, ತಂಗಿ" ಎಂದರು.

ನನಗೆ ಅಳು ಬಂತು. ಅವರು ಗದರಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ತಮ್ಮ ಕಿವಿ ಮುಟ್ಟಿ ತೋರಿಸಿದರು. "ಎಂಜಿನ್ ಬಾಜೂಕ ನಿಂತು ನಿಂತು ಸಣ್ಣಾನ ಕೀರಲು ದನಿ ಎಲ್ಲಾ ಹೋಗ್ಯಾವ. ಹಕ್ಕಿ ಕೂಗಿದ್ದು ನನಗ ಕೇಳಂಗಿಲ್ಲ. ನೀ ಯಾವ ಕಡೆ ಕಿವಿ ಕೊಡ್ತಿ, ಆ ಕಡೆ ನಾ ನೋಡ್ತೀನಿ. ಅದಕ್ಕ ನಿಂದು ಗೊತ್ತಾತು. ಕಾಣದಿದ್ರ ಕಾಣಂಗಿಲ್ಲ ಅನ್ನಬೇಕು, ಅದರಾಗ ನಾಚಿಕಿ ಏನೈತಿ?"

ಹಾವಿನ ಹೆಜ್ಜೆ ಹಾವೇ ಬಲ್ಲದು. ಅಷ್ಟು ದಿನ ಅವರು ನನ್ನ ಕಿವಿಯಿಂದ ಹಕ್ಕಿ ಹಿಡಿಯುತ್ತಿದ್ದರು. ನಾನು ಹೇಳಿದ ಕಡೆ ಅವರಿಗೆ ಹಕ್ಕಿ ಸಿಗುವುದರಿಂದ ನನ್ನ ಸುಳ್ಳು ನಡೆಯುತ್ತಿತ್ತು.

ಅಂದೇ ನಮ್ಮ ಮನೆಗೆ ಬಂದರು. ಅಪ್ಪ ನಂಬಲಿಲ್ಲ. "ಗಿಡದಾಗಿನ ಹಕ್ಕಿ ಕಾಣೋ ಹುಡುಗಿಗೆ ಫಳಾದ ಮ್ಯಾಲಿಂದು ಕಾಣಂಗಿಲ್ಲ ಅಂದ್ರ ಹೆಂಗ್ರಿ?" ಎಂದರು. ಅಜ್ಜಿ, ಹುಡುಗಿಗೆ ಇಲ್ಲದ ರೋಗ ಹಚ್ಚಬೇಡಿ ಎಂದಳು. ಕಾಕಾ ವಾದಕ್ಕಿಳಿಯಲಿಲ್ಲ. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಎದುರು ಗೋಡೆಯ ಗಡಿಯಾರದಲ್ಲಿ ಎಷ್ಟಾಗಿದೆ ಎಂದು ಕೇಳಿದರು. ಜಗತ್ತನ್ನೇ ಗಡಿಯಾರ ಮಾಡಿ ಹೇಳುತ್ತಿದ್ದ ನನಗೆ ಗಡಿಯಾರ ಒಂದು ಬಿಳಿ ರೊಟ್ಟಿಯ ಹಾಗೆ ಕಾಣುತ್ತಿತ್ತು. ಈ ಸಲ ಊಹಿಸಿ ಹೇಳಲಿಲ್ಲ. ಕಾಣುವುದಿಲ್ಲ ಎಂದೆ. ಅಪ್ಪ ನನ್ನನ್ನು ನೋಡಿದರು, ಗಡಿಯಾರ ನೋಡಿದರು, ಕುರ್ಚಿಯಲ್ಲಿ ಕುಳಿತುಬಿಟ್ಟರು.

ಮರುದಿನ ರಾಮದಾಸಪೇಠದ ಕಣ್ಣಿನ ಡಾಕ್ಟರರ ಬಳಿಗೆ ಅಪ್ಪನ ಜತೆ ಕಾಕಾ ಕೂಡ ಬಂದರು. ಕನ್ನಡಕ ಬಂದ ದಿನ ನಾನು ಮೊದಲು ಓಡಿದ್ದು ಅವರ ಹಿತ್ತಲಿಗೆ. ಎಲೆಗಳು ಒಂದೊಂದಾಗಿ ಬೇರೆ ಬೇರೆ ಇದ್ದವು. ಕರಿಬೇವಿನ ಗಿಡದಿಂದ ಸಿಂಪಿಗ ಕೂಗಿತು. ಆ ಗಂಟಲು ಕೇಳಿ ಅದು ಪಾರಿವಾಳದಷ್ಟಾದರೂ ಇರಬೇಕೆಂದು ನಾನು ಎಣಿಸಿದ್ದೆ. ನೋಡಿದರೆ ತಲೆಗೆ ಕೆಂಗಂದು ಟೊಪ್ಪಿಗೆ, ನೆಟ್ಟಗೆ ನಿಂತ ಬಾಲ, ಒಂದು ಹಿಡಿಯೂ ತುಂಬದ ಮೈ. ಇಷ್ಟೇನಾ ಎಂದುಬಿಟ್ಟೆ. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, ಅದು ಹೇಗೆ ಕೂಗುತ್ತದೆ, ನಿನ್ನ ದನಿಯಲ್ಲಿ ಕೂಗಿ ತೋರಿಸು ಎಂದರು. ದಪ್ಪ ದನಿಯಲ್ಲಿ ಟುವೀ ಟುವೀ ಎಂದು ಕೂಗಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಕಾಕುಗೂ ಅಂದೇ ಕುಕ್ಕರಿನ ಗುಟ್ಟು ತಿಳಿದು, ಇಷ್ಟು ವರ್ಷ ಬಾಯಿ ಬಿಡದ್ದಕ್ಕೆ ಮತ್ತೊಂದು ಸಲ ಬೈದರು.

ನಾನು ಅದೇ ತರಗತಿಯಲ್ಲಿ ಕೂರಲಿಲ್ಲ. ಈಗ ನಾಗಪುರದಲ್ಲೇ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಫಳಾದ ಕಡೆ ಕಣ್ಣು ಕಿರಿದು ಮಾಡುವ ಮಕ್ಕಳನ್ನು ದಡ್ಡರೆನ್ನುವ ಮೊದಲು ನನಗೆ ಆ ಸೊಟ್ಟ ಬೆರಳು ನೆನಪಾಗುತ್ತದೆ.

ಕಾಕಾ ಈ ಬೇಸಿಗೆಯಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಒಂದು ಭಾನುವಾರ ನೋಡಲು ಹೋಗಿದ್ದೆ. ಹಿತ್ತಲಿನ ಕುರ್ಚಿಯಲ್ಲಿ ಕುಳಿತಿದ್ದರು. ಸಿಂಪಿಗ ಕೂಗಿತು. ಅವರ ಕಿವಿಯ ಹತ್ತಿರ ಬಾಯಿಟ್ಟು, "ಹತ್ತು ಗಂಟೆಗೆ, ಕೆಳಗಿನ ಟೊಂಗಿ, ಕಾಕಾ" ಎಂದೆ.

"ಕಂಡ್ತು" ಎಂದರು. ತಟ್ಟನೆ ಹೇಳಿದರು. ಆ ಅವಸರ ನನಗೆ ಚೆನ್ನಾಗಿ ಗೊತ್ತಿತ್ತು.

"ಏನ್ ಮಾಡಾಕತ್ತೇತಿ?" ಎಂದು ಕೇಳಿದೆ.

ಕಾಕಾ ನನ್ನ ಕಡೆ ತಿರುಗಿದರು. ನಿಧಾನವಾಗಿ ಮುಖದ ತುಂಬ ನಗು ಬಂತು. "ಕಾಣವಲ್ದು, ತಂಗಿ. ನೀನ ಹೇಳು" ಎಂದರು.

ಹೇಳಿದೆ. ಬಾಲ ಎತ್ತಿದ್ದು, ಎಲೆಯ ಅಡಿಯಿಂದ ಹುಳ ಹೆಕ್ಕಿದ್ದು, ಟೊಂಗೆಯಿಂದ ಟೊಂಗೆಗೆ ಕುಪ್ಪಳಿಸಿದ್ದು, ಎಲ್ಲ ಹೇಳಿದೆ. ಅವರು ಪ್ರತಿಯೊಂದಕ್ಕೂ ತಲೆಯಾಡಿಸಿ ಬರೋಬರ್, ಬರೋಬರ್ ಎನ್ನುತ್ತಿದ್ದರು. ಹಕ್ಕಿ ಹಾರಿಹೋದ ಮೇಲೂ ಬಹಳ ಹೊತ್ತು ನಾನು ಹೇಳುತ್ತಲೇ ಇದ್ದೆ.