ಜಾಲಿಮರದ ಆಚೆಯ ಸಾಲುಗಳು

ಕುಷ್ಟಗಿ ದಾರಿಗೆ ತಾಗಿದ ಗೌಡರ ಹೊಲದಲ್ಲಿ, ಒಂಟಿ ಜಾಲಿಮರದಿಂದ ದಾರಿಯ ಅಂಚಿನವರೆಗೆ, ಕೂರಿಗೆ ಹಿಡಿದು ಜೋಳ ಬಿತ್ತಿದವನು ನಾನು. ಮಹಾನವಮಿಗೆ ಮುಂಚಿನ ವಾರ, ಮಧ್ಯಾಹ್ನದ ಬುತ್ತಿ ಉಂಡ ಮೇಲೆ. ನಲವತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಿಜಾಮರ ಆಳ್ವಿಕೆ ಇನ್ನೂ ಇತ್ತು. ಅಲ್ಲಿ ಮೊಳೆತ ಸೊಟ್ಟ ಸಾಲುಗಳು ನನ್ನವು. ನನ್ನ ದೊಡ್ಡಪ್ಪ ಅಡಿವೆಪ್ಪನವಲ್ಲ. ಇಷ್ಟು ಹೇಳಲು ನನಗೆ ಒಂದು ಆಯುಷ್ಯವೇ ಬೇಕಾಯಿತು — ಅಂಥ ಹೇಡಿ ನಾನು.

ಊರಿನ ಅರ್ಧ ಹೊಲಗಳನ್ನು ಬಿತ್ತಿದ ಕೈ ದೊಡ್ಡಪ್ಪನದು. ಆ ಕೈ ಆಗ ನಡುಗತೊಡಗಿತ್ತು. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಕೈ ಸುಮ್ಮನಿರುತ್ತಿತ್ತು. ಅಂಬಲಿಯ ಬಟ್ಟಲು ಎತ್ತಿದರೆ ನಡುಕ ಶುರು. ತುಟಿ ಹತ್ತಿರವಾದಷ್ಟೂ ಹೆಚ್ಚು. ಯಾರಾದರೂ ನೋಡುತ್ತಿದ್ದರೆ ಇನ್ನೂ ಹೆಚ್ಚು. ಕೂರಿಗೆಯ ಮೇಲೆ ಮೈಭಾರ ಬಿಟ್ಟಾಗ ಮಾತ್ರ ಅದೇ ಕೈ ಗಟ್ಟಿ ನಿಲ್ಲುತ್ತಿತ್ತು. ಇದು ನನಗೆ ಗೊತ್ತಿತ್ತು — ಇದನ್ನು ಮರೆಯಬೇಡಿ. ಕಾಲಿನದು ಬೇರೆ ಕತೆ. ಹೊಲದ ತುದಿಯಲ್ಲಿ ಎತ್ತು ತಿರುಗಿಸುವಾಗ ಅವನು ಕಂಬದಂತೆ ನಿಂತುಬಿಡುತ್ತಿದ್ದ.

“ಏನ್ ದೊಡ್ಡಪ್ಪಾ, ಬೇರು ಬಿಟ್ಟಿಯೇನು?” ಎಂದರೆ,

“ನಾ ನಡಿ ಅಂದೀನೋ ತಮ್ಮಾ, ಕಾಲಿಗಿನ್ನೂ ಸುದ್ದಿ ಮುಟ್ಟಿಲ್ಲ,” ಎಂದು ನಗುತ್ತಿದ್ದ.

ನಾನು ನಗುತ್ತಿರಲಿಲ್ಲ. ನನಗೆ ಅಸಹ್ಯವಾಗುತ್ತಿತ್ತು. ಗರಡಿಯ ಮಣ್ಣು ಮೆತ್ತಿದ ಇಪ್ಪತ್ತೆರಡರ ಮೈ ನನ್ನದು. ಮುಪ್ಪು ಅವನೇ ಮಾಡಿಕೊಂಡ ತಪ್ಪು ಎಂಬಂತೆ ನೋಡುತ್ತಿದ್ದೆ. ಅವನ ಎದೆಯ ಮೇಲೆ ಅಂಬಲಿ ಚೆಲ್ಲಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಅನ್ನ ಹಾಕಿದವನ ಎದುರು ಕೂತು ಉಣ್ಣಲಾರದಷ್ಟು ನಾಜೂಕು — ನನ್ನದು.

ಆ ದಿನ ಬೆಳಗಿನಿಂದ ಇಬ್ಬರೂ ಕೈ ಬದಲಿಸುತ್ತ ಬಿತ್ತಿದ್ದೆವು. ಊಟವಾದ ಮೇಲೆ ಅವನು ಏಳುವಷ್ಟರಲ್ಲಿ, “ಬಿಡು, ನೀ ಹೊರಳೂದರೊಳಗ ಹೊತ್ತ ಮುಳುಗತೈತಿ,” ಎಂದು ಕೂರಿಗೆ ಕಿತ್ತುಕೊಂಡೆ. ಅವನು ಜಾಲಿಯ ನೆರಳಲ್ಲಿ ಮತ್ತೆ ಒರಗಿದ. ದಾರಿಯಲ್ಲಿ ಸಂತೆಯ ಬಂಡಿಗಳು ಸಾಗಿದ್ದವು. ಬಂಡಿಯವರು ನೋಡಲಿ ಎಂದು ಎತ್ತುಗಳನ್ನು ಜೋರಾಗಿ ಹೊಡೆದೆ. ಸಾಲು ನೋಡಲಿಲ್ಲ, ನನ್ನನ್ನು ಯಾರು ನೋಡುತ್ತಿದ್ದಾರೆಂದು ನೋಡಿದೆ. ಎತ್ತು ವಾಲಿದ್ದು ಗೊತ್ತಾಯಿತು. ಸರಿಪಡಿಸಲಿಲ್ಲ. ಬಿತ್ತಿದ ಮೇಲೆ ಕುಂಟೆ ಎಳೆದು ಮಣ್ಣು ಮುಚ್ಚುತ್ತಾರೆ. ಸಸಿ ಏಳುವ ತನಕ ಗೆರೆ ಯಾರಿಗೂ ಕಾಣುವುದಿಲ್ಲ.

ಸಸಿ ಎದ್ದವು. ದಾರಿಹೋಕರೆಲ್ಲ ನಿಂತು ನೋಡುವಷ್ಟು ಸೊಟ್ಟ. ಅಂಥ ಸಾಲಿನ ನಡುವೆ ಕಳೆ ತೆಗೆಯಲು ಎಡೆಕುಂಟೆ ಹೊಡೆದರೆ ಪೈರೇ ಕೊಯ್ದುಹೋಗುತ್ತದೆ. ಗೌಡರು ನಮ್ಮಿಬ್ಬರನ್ನೂ ಕಟ್ಟೆಗೆ ಕರೆಸಿದರು. ಕಟ್ಟೆಯ ಮೇಲೆ ಕೂತಿದ್ದ ಮಹನೀಯರಲ್ಲಿ ಒಬ್ಬನೂ ಕೂರಿಗೆ ಮುಟ್ಟಿದವನಲ್ಲ. ಎಲೆ-ಅಡಿಕೆ ಮಡಿಚುವುದಷ್ಟೇ ಬಲ್ಲ ಕೈಗಳು.

“ಈ ಸಾಲು ಹಿಡಕೊಂಡು ಕುಷ್ಟಗಿಗೆ ಹೊಂಟಾವ ಯಲಬುರ್ಗಿ ಮುಟ್ಟತಾನ ನೋಡ್ರಿ,” ಎಂದ ಒಬ್ಬ.

“ಅವು ಸೇಂದಿ ಅಂಗಡಿಗೆ ಹೋಗಿ ಬಂದ ಸಾಲ್ರಿ,” ಎಂದ ಇನ್ನೊಬ್ಬ.

ದೊಡ್ಡಪ್ಪ ನಿಧಾನವಾಗಿ, “ಆ ಬದಿ ಹುಡುಗ ಹಿಡಿದಿದ್ದ ಅಂತ ನೆಪ್ಪ್ರಿ, ಗೌಡ್ರ,” ಎಂದ. ದೂರಿನ ದನಿಯಲ್ಲ. ಸುಮ್ಮನೆ ನೆನಪು ಮಾಡಿಕೊಳ್ಳುತ್ತಿದ್ದ.

ಗೌಡರು ನನ್ನತ್ತ ತಿರುಗಿದರು. “ಏನಲೇ, ಜಾಲಿಗಿಡದ ಆಚಿ ಹಿಡಿದಾವ ಯಾರು?”

“ದೊಡ್ಡಪ್ಪನ ರೀ.”

ಅಷ್ಟೇ. ಅವನು ನನ್ನ ಮುಖ ನೋಡಲಿಲ್ಲ. ತನ್ನ ಕೈಗಳನ್ನು ಎತ್ತಿ ನೋಡಿಕೊಂಡ. ಎಲ್ಲರ ಕಣ್ಣೂ ಅವುಗಳ ಮೇಲಿದ್ದವು, ಅವು ನಡುಗಿದವು. ಕಟ್ಟೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ, ನಕ್ಕರು.

“ನಂದ ಇರಬೇಕ್ರಿ,” ಎಂದ ದೊಡ್ಡಪ್ಪ. “ಈ ಕೈ ಏನ್ ಮಾಡತೈತೋ ನನಗ ತಿಳಿವಲ್ದು.”

ಸುಳ್ಳ ಎಂದು ಅವನು ನನ್ನನ್ನು ಕರೆದಿದ್ದರೆ — ಕರೆಯಲಿಲ್ಲ. ನನ್ನನ್ನೇ ನಂಬಿದ. ತನ್ನ ಕೈಯನ್ನು ನಂಬುವುದು ಬಿಟ್ಟ. ಮುಪ್ಪು ಅವನಿಂದ ಸ್ವಲ್ಪ ಕಸಿದಿತ್ತು. ಉಳಿದದ್ದನ್ನು ನಾನು ಕಸಿದೆ. ಮತ್ತೆ ಅವನು ಕೂರಿಗೆ ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಉಣ್ಣತೊಡಗಿದ. ಮರುವರ್ಷ ಗೌಡರು ಬಿತ್ತನೆಗೆ ನನ್ನನ್ನು ಕರೆದರು. ನಾನು ಹೋದೆ — ರುಮಾಲು ಸುತ್ತಿಕೊಂಡು, ಎದೆ ಸೆಟೆಸಿಕೊಂಡು.

ಈಗ ನನ್ನ ಕೈ ನಡುಗುತ್ತದೆ. ಮುಪ್ಪಿನಲ್ಲಿ ಬೆನ್ನುಹುರಿಯಿಂದ ಸ್ನಾಯುಗಳಿಗೆ ಹೋಗುವ ನರಗಳು ಒಂದೊಂದಾಗಿ ಸಾಯುತ್ತವಂತೆ. ಉಳಿದವು ಸತ್ತವುಗಳ ಕೆಲಸವನ್ನೂ ಹೊತ್ತು ನಡೆಸುತ್ತವಂತೆ. ಅದಕ್ಕೇ ಅಪ್ಪಣೆ ತಡವಾಗಿ, ಒರಟಾಗಿ ಮುಟ್ಟುತ್ತದೆ. ಕೊಪ್ಪಳದ ಡಾಕ್ಟರು ಹೇಳಿದ್ದು. ಇದನ್ನು ಶಿಕ್ಷೆ ಎಂದು ನಾನು ಕರೆಯುವುದಿಲ್ಲ. ಶಿಕ್ಷೆ ಎಂದರೆ ತೀರಿಸಿಬಿಟ್ಟೆ ಎಂಬ ನೆಮ್ಮದಿ ಬಂದೀತು. ಮುಪ್ಪು ಒಳ್ಳೆಯವರಿಗೂ ಬರುತ್ತದೆ, ನನ್ನಂಥವನಿಗೂ ಬಂತು. ಸೊಸೆ ಚಹಾದ ಬಟ್ಟಲನ್ನು ತಾನೇ ಹಿಡಿದು ಕುಡಿಸುತ್ತಾಳೆ, ಮುಖ ಸಿಂಡರಿಸದೆ. ನಾನು ಕುಡಿಯುತ್ತೇನೆ.

ಇನ್ನೊಂದು ಮಾತು. ಕೂರಿಗೆ ಒಬ್ಬನಿಂದ ನಡೆಯುವುದಿಲ್ಲ. ಹಿಂದೆ ಕಾಳು ಬಿಡುತ್ತ ಒಬ್ಬಳು ಹೆಜ್ಜೆ ಹಾಕಬೇಕು. ಅಂದು ನನ್ನ ಬೆನ್ನಿಗೇ ನಡೆದವಳು ಕೂಲಿಯ ಗಂಗವ್ವ. ಅವಳನ್ನು ಕೇಳಬೇಕೆಂದು ಕಟ್ಟೆಯ ಒಬ್ಬನಿಗೂ ಹೊಳೆಯಲಿಲ್ಲ — ಕೂಲಿ ಹೆಂಗಸಿಗೂ ಕಣ್ಣಿರುತ್ತವೆಂದು ಅವರಿಗೆ ಗೊತ್ತಿದ್ದರಲ್ಲವೆ. ನನಗೆ ಗೊತ್ತಿತ್ತು. ದೊಡ್ಡಪ್ಪನ ಹೆಣ ಅಂಗಳದಲ್ಲಿದ್ದಾಗ ಅವಳು ನನ್ನ ಹತ್ತಿರ ಬಂದು, “ಈಗಾದರ ಹೇಳಪಾ,” ಎಂದಳು. ನಾನು ಹೇಳಲಿಲ್ಲ.

ಕಟ್ಟೆಯವರೆಲ್ಲ ಮಣ್ಣಾದರು. ಗಂಗವ್ವ ಕನಕಗಿರಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು, ಕಿವಿ, ನೆನಪು ನೆಟ್ಟಗಿವೆ. ನನ್ನ ಮಾತಿನಲ್ಲಿ ಸಂಶಯ ಬಂದವರು ಅವಳನ್ನು ಕೇಳಬಹುದು.